ಕೆಲಸ ಬಿಟ್ಟು ಎಂಟು ತಿಂಗಳಾಯಿತು, ಅಪ್ಪನಿಗೆ ಇನ್ನೂ ಹೇಳಿಲ್ಲ

ಮೋಟೆಬೆನ್ನೂರು ಕ್ರಾಸ್:

ಎಲ್ಲರಿಗೂ ನಮಸ್ಕಾರ. ಕೆಲಸ ಬಿಟ್ಟು ಸ್ವಂತ ಉದ್ಯೋಗ ಶುರು ಮಾಡಿದವರು ಇಲ್ಲಿ ಬಹಳ ಜನ ಇದ್ದೀರಿ. ನಾನು ಸಾಲ, ಲೈಸೆನ್ಸ್ ಬಗ್ಗೆ ಕೇಳಲು ಬಂದಿಲ್ಲ. ಮನೆಯ ವಿಷಯ ಕೇಳಬೇಕಿತ್ತು. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ನನಗೆ ಈಗ 37. ಊರು ಬ್ಯಾಡಗಿ. ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿನಲ್ಲಿ ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ 13 ವರ್ಷ ಕೆಲಸ ಮಾಡಿದೆ. ಕೊನೆಗೆ ಕೈಗೆ ಬರುತ್ತಿದ್ದ ಸಂಬಳ 1 ಲಕ್ಷ 40 ಸಾವಿರ. ಎಂಟು ತಿಂಗಳ ಹಿಂದೆ ಅದನ್ನು ಬಿಟ್ಟು ಹೆಂಡತಿ, ಮಗಳ ಜೊತೆ ಹುಬ್ಬಳ್ಳಿಗೆ ಬಂದೆ. ತಾರಿಹಾಳದಲ್ಲಿ ಒಂದು ಶೆಡ್ ಬಾಡಿಗೆ ಹಿಡಿದು ಖಾರಪುಡಿ ಮಾಡುತ್ತಿದ್ದೇನೆ. ತೊಟ್ಟು ಬಿಡಿಸಲು ನಾಲ್ಕು ಜನ ಹೆಣ್ಣುಮಕ್ಕಳು ಬರುತ್ತಾರೆ. ಗಿರಣಿ ನೋಡಿಕೊಳ್ಳಲು ಒಬ್ಬ ಹುಡುಗ ಇದ್ದಾನೆ. ಖಾನಾವಳಿಗಳು, ಹತ್ತಿಪ್ಪತ್ತು ಕಿರಾಣಿ ಅಂಗಡಿಗಳು, ಬೆಂಗಳೂರಿನ ಹಳೆ ಸ್ನೇಹಿತರ ಮನೆಗಳು, ಸದ್ಯಕ್ಕೆ ಇವೇ ಗಿರಾಕಿ. ನಷ್ಟ ಇಲ್ಲ. ಮನೆ ನಡೆಯುವಷ್ಟು ಲಾಭವೂ ಇನ್ನೂ ಇಲ್ಲ. ಹೆಂಡತಿಯ ಸಂಬಳದಲ್ಲಿ ಮನೆ ನಡೆಯುತ್ತಿದೆ.

ಇದು ಯಾವುದೂ ನನ್ನ ಅಪ್ಪನಿಗೆ ಗೊತ್ತಿಲ್ಲ. ಕಂಪನಿಯವರು ಮನೆಯಿಂದಲೇ ಕೆಲಸ ಮಾಡು ಅಂದಿದ್ದಾರೆ, ಬಾಡಿಗೆ ಉಳಿಯುತ್ತದೆ ಅಂತ ಹುಬ್ಬಳ್ಳಿಗೆ ಬಂದಿದ್ದೇವೆ ಅಂತ ಹೇಳಿದ್ದೇನೆ.

ಯಾಕೆ ಹೇಳಿಲ್ಲ ಅಂದರೆ, ಅಪ್ಪ ಬ್ಯಾಡಗಿ ಮಾರ್ಕೆಟ್‌ನ ಒಂದು ದಲಾಲಿ ಅಂಗಡಿಯಲ್ಲಿ 31 ವರ್ಷ ದಿವಾನಜಿ, ಅಂದರೆ ಲೆಕ್ಕ ಬರೆಯುವವರು ಆಗಿದ್ದರು. ಸೀಸನ್‌ನಲ್ಲಿ ರಾತ್ರಿ ಹತ್ತು ಹನ್ನೊಂದಕ್ಕೆ ಮನೆಗೆ ಬರುತ್ತಿದ್ದರು. ಅವ್ವ ಹಿತ್ತಲ ಬಾಗಿಲಿಗೆ ಒಂದು ಬಕೆಟ್ ಬಿಸಿನೀರು ಇಟ್ಟಿರುತ್ತಿದ್ದಳು. ಮೈ ತೊಳೆದು ಬಟ್ಟೆ ಬದಲಿಸುವ ತನಕ ಅಪ್ಪ ನಮ್ಮನ್ನು ಮುಟ್ಟುತ್ತಿರಲಿಲ್ಲ. ಒಮ್ಮೆ ನಾನು ಓಡಿಹೋಗಿ ಅಪ್ಪಿಕೊಂಡಿದ್ದೆ. ಆಗ ನನಗೆ ಐದೋ ಆರೋ ವರ್ಷ. ಕಣ್ಣು ಉರಿ ಎದ್ದು ಅರ್ಧ ರಾತ್ರಿ ಅತ್ತಿದ್ದೆ. ಅವತ್ತಿನಿಂದ ಹಿತ್ತಲ ಬಾಗಿಲಿನ ಚಿಲಕ ಒಳಗಿಂದ ಹಾಕಿಯೇ ಇರುತ್ತಿತ್ತು. ಈಗ ಅಪ್ಪನಿಗೆ 68. ಬೆಳಗಿನ ಜಾವ ಕೆಮ್ಮು ಶುರುವಾದರೆ ಅರ್ಧ ತಾಸು ನಿಲ್ಲುವುದಿಲ್ಲ.

ನಾನು ಹತ್ತನೇ ಕ್ಲಾಸ್ ರಜೆಯಲ್ಲಿ ಅಂಗಡಿಗೆ ಬರುತ್ತೇನೆ ಅಂದಾಗ ಒಂದೇ ಮಾತು ಹೇಳಿದ್ದರು. "ಈ ಘಾಟು ನನಗ ಸಾಕು. ನೀ ಈ ಕಡೆ ಬರಬ್ಯಾಡ." ನನಗೆ ಕೆಲಸ ಸಿಕ್ಕ ದಿನ ಮಾರ್ಕೆಟ್‌ನಲ್ಲಿ ಹಮಾಲರಿಗೆಲ್ಲ ಪೇಡಾ ಹಂಚಿದ್ದರಂತೆ. ಈಗಲೂ ಸಂಜೆ ಚಹಾದ ಅಂಗಡಿ ಮುಂದೆ ಕೂತು "ನನ್ನ ಮಗ ಎಸಿಯಾಗ ಕುಂತು ಕೆಲಸ ಮಾಡ್ತಾನ" ಅನ್ನುತ್ತಾರೆ.

ಊರಿಗೆ ಹೋಗುವ ಹಿಂದಿನ ದಿನ ನಾನು ಶೆಡ್‌ಗೆ ಹೋಗುವುದಿಲ್ಲ. ಎರಡು ಸಲ ತಲೆಗೆ ನೀರು ಹಾಕಿಕೊಳ್ಳುತ್ತೇನೆ. ಆಫೀಸಿಗೆ ಹಾಕುತ್ತಿದ್ದ ಅಂಗಿಗಳನ್ನು ಬೇರೆ ಕಪಾಟಿನಲ್ಲಿ ಇಟ್ಟಿದ್ದೇನೆ, ಅದರಲ್ಲಿ ಒಂದನ್ನು ಹಾಕಿಕೊಳ್ಳುತ್ತೇನೆ. ಲ್ಯಾಪ್‌ಟಾಪ್ ಚೀಲ ಹೆಗಲಿಗೆ ಹಾಕಿ ಹೋಗುತ್ತೇನೆ. ಅದರೊಳಗೆ ಕಂಪನಿಯ ಲ್ಯಾಪ್‌ಟಾಪ್ ಇಲ್ಲ.

ಇದರಿಂದ ವ್ಯಾಪಾರಕ್ಕೂ ಪೆಟ್ಟು. ನಾನು ಮಾರುವುದು ಬ್ಯಾಡಗಿ ಮೆಣಸಿನಕಾಯಿಯ ಪುಡಿ. 2011ರಲ್ಲಿ ಜಿಐ ಟ್ಯಾಗ್ (ಊರಿನ ಹೆಸರಿನ ಸರ್ಕಾರಿ ಗುರುತು) ಬಂದ, ಬಣ್ಣಕ್ಕೆ ಹೆಸರಾದ ಕಾಯಿ. ಆದರೆ ಬ್ಯಾಡಗಿ ಮಾರ್ಕೆಟ್‌ಗೆ ಕಾಲಿಡುವಂತಿಲ್ಲ. ಅಲ್ಲಿ ಅಪ್ಪನನ್ನು ತಿಳಿಯದವರು ಯಾರಿದ್ದಾರೆ? ಹಾಗಾಗಿ ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯಲ್ಲಿ ಒಬ್ಬ ವ್ಯಾಪಾರಿಯಿಂದ ತರುತ್ತೇನೆ. ಕಿಲೋಗೆ 18ರಿಂದ 25 ರೂಪಾಯಿ ಜಾಸ್ತಿ ಬೀಳುತ್ತಿದೆ. ಈಗ ಹೊಸ ಕಾಯಿ ಬರುವ ಕಾಲ. ಈಗಲೇ ವರ್ಷದ ಮಾಲು ಹಿಡಿದು ಕೋಲ್ಡ್ ಸ್ಟೋರೇಜ್‌ಗೆ ಹಾಕಬೇಕು. ಹೊರಗೆ ಇಟ್ಟರೆ ಮಳೆಗಾಲದ ಹೊತ್ತಿಗೆ ಬಣ್ಣ ಇಳಿಯುತ್ತದೆ. ಇನ್ನು ತಡ ಮಾಡುವಂತಿಲ್ಲ.

ಕೆಲಸ ಬಿಟ್ಟೆ ಅಂದರೆ ಅಪ್ಪ ಹೇಗೋ ತಡೆದುಕೊಂಡಾರು. ಮೆಣಸಿನಕಾಯಿಗೇ ಬಂದೆ ಅಂತ ಹೇಗೆ ಹೇಳಲಿ? ಇಂಥದ್ದನ್ನು ದಾಟಿ ಬಂದವರು ದಾರಿ ಹೇಳಿ.

ಸಾಧನಕೇರಿ ಅಕ್ಕ:

ತಮ್ಮಾ, ಉಳಿದದ್ದೆಲ್ಲ ಆಮೇಲೆ. ಮೊದಲು ಒಂದು ಪ್ರಶ್ನೆ. ನಿಮ್ಮ ತಂದೆ ತಾಯಿ ಹೆಸರು ಕಂಪನಿಯ ಆರೋಗ್ಯ ವಿಮೆಯಲ್ಲಿ ಇತ್ತಾ?

ಇದ್ದರೆ, ನೀವು ಕೆಲಸ ಬಿಟ್ಟ ದಿನವೇ ಅದು ನಿಂತುಹೋಗಿರುತ್ತದೆ. ಅವರು ಕಾರ್ಡ್ ಇದೆ ಅಂತ ನಂಬಿಕೊಂಡಿರುತ್ತಾರೆ. ನಾನು ಎಚ್‌ಆರ್ ವಿಭಾಗದಲ್ಲಿ 14 ವರ್ಷ ಇದ್ದವಳು. ಕೆಲಸ ಬಿಡುವವರು ಪಿಎಫ್ ಕೇಳುತ್ತಾರೆ, ಗ್ರಾಚ್ಯುಟಿ ಕೇಳುತ್ತಾರೆ. ಅಪ್ಪ ಅಮ್ಮನ ವಿಮೆ ಕೇಳಿದವರು ಕೈಬೆರಳಿನಷ್ಟು ಜನ. ಗುಂಪಿನ ಪಾಲಿಸಿಯಿಂದ ಅದೇ ವಿಮಾ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಗಲು ದಾರಿ ಇದೆ, ಆದರೆ ಅದನ್ನು ಕೆಲಸದಲ್ಲಿ ಇರುವಾಗಲೇ ಕೇಳಬೇಕು. ಈಗ ಹೊಸದಾಗಿ ಮಾಡಿಸಿದರೆ ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಯಾವುದಕ್ಕೂ ದುಡ್ಡು ಬರುವುದಿಲ್ಲ. ಮೊದಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. ಕೆಮ್ಮು ಮುಚ್ಚಿಡಬೇಡಿ, ಅರ್ಜಿಯಲ್ಲಿ ಬರೆಯಿರಿ. ವಯಸ್ಸು 65 ದಾಟಿದೆ ಅಂತ ಈಗ ಬಾಗಿಲಲ್ಲೇ ವಾಪಸ್ ಕಳಿಸುವುದಿಲ್ಲ, 2024ರಿಂದ ಆ ನಿಯಮ ಹೋಗಿದೆ. 2025ರ ಸೆಪ್ಟೆಂಬರ್ 22ರಿಂದ ಸ್ವಂತ ಪಾಲಿಸಿ ಮೇಲಿನ 18% ಜಿಎಸ್‌ಟಿಯೂ ಇಲ್ಲ. ಆದರೂ ಪ್ರೀಮಿಯಂ ಭಾರವೇ. ಈ ವಾರವೇ ಮಾಡಿಸಿ.

ನನ್ನ ವಿಷಯ ಹೇಳುತ್ತೇನೆ. 2018ರಲ್ಲಿ ಕೆಲಸ ಬಿಟ್ಟು ಧಾರವಾಡದಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ ಮಾಡುವ ಘಟಕ ಶುರು ಮಾಡಿದೆ. ಗಂಡನಿಗೆ ಹೇಳಿದ್ದೆ. ಅತ್ತೆಗೆ ಹೇಳಿರಲಿಲ್ಲ, ವ್ಯಾಪಾರ ಕುದುರಲಿ ಆಮೇಲೆ ಹೇಳಿದರಾಯಿತು ಅಂತ ಸುಮ್ನೆ ಇದ್ದೆ. ಅವರಿಗೆ ಗೊತ್ತಾಗಿದ್ದು ಕಾಯಿಪಲ್ಲೆ ಮಾರುವ ಅಜ್ಜಿಯಿಂದ. "ನಿಮ್ಮ ಸೊಸಿ ರೊಟ್ಟಿ ಮಾರ್ತಾಳಂತಲ್ರೀ" ಅಂತ ಅಂದಳಂತೆ. ಅತ್ತೆ ನನ್ನನ್ನು ಬೈಯಲಿಲ್ಲ. ಒಂದು ವರ್ಷ ನಮ್ಮ ಘಟಕದ ರೊಟ್ಟಿ ಮುಟ್ಟಲಿಲ್ಲ, ಅಷ್ಟೇ. ತಾವೇ ಎರಡು ರೊಟ್ಟಿ ಬಡಿದುಕೊಂಡು ತಿನ್ನುತ್ತಿದ್ದರು. ಒಲೆ ಮುಂದೆ ಅವರು ಒಬ್ಬರೇ ಕೂತಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟುತ್ತದೆ.

ಅದಕ್ಕೆ ಹೇಳುತ್ತೇನೆ, ಬೇರೆಯವರ ಬಾಯಿಂದ ಹೋಗುವ ಮೊದಲು ನೀವೇ ಹೇಳಿ. ಹೇಳುವಾಗ ಒಂದು ಹಾಳೆ ಬರೆದುಕೊಂಡು ಹೋಗಿ. ಕೈಯಲ್ಲಿ ಎಷ್ಟು ತಿಂಗಳ ದುಡ್ಡಿದೆ, ಮಗಳ ಶಾಲೆ ಫೀ ಎಲ್ಲಿಂದ, ವಿಮೆ ಏನು ಮಾಡಿದ್ದೀರಿ, ಯಾವ ತಾರೀಖಿನೊಳಗೆ ನಡೆಯದಿದ್ದರೆ ನಿಲ್ಲಿಸುತ್ತೀರಿ. ಆ ಕೊನೆಯ ತಾರೀಖು ಬಹಳ ಮುಖ್ಯ. ದಿವಾನಜಿ ಆಗಿದ್ದವರು ಅಂದ್ರಿ. ಲೆಕ್ಕ ಕೈಗೆ ಕೊಟ್ಟರೆ ಓದದೆ ಇರುವುದಿಲ್ಲ.

ಮೋಟೆಬೆನ್ನೂರು ಕ್ರಾಸ್:

ಅಕ್ಕಾ, ನಿಮ್ಮ ಪ್ರಶ್ನೆ ಓದಿ ಕೈಕಾಲು ತಣ್ಣಗಾಯಿತು. ಇಬ್ಬರ ಹೆಸರೂ ಇತ್ತು. ಆ ಕಾರ್ಡನ್ನು ನಾನೇ ಪ್ಲಾಸ್ಟಿಕ್ ಹಾಕಿಸಿ ಕೊಟ್ಟಿದ್ದೆ. ಅಪ್ಪ ಅದನ್ನು ಅಂಗಿ ಜೇಬಿನಲ್ಲಿ, ಬಸ್ಸಿನ ಹಿರಿಯರ ಕಾರ್ಡ್ ಜೊತೆ ಇಟ್ಟುಕೊಂಡೇ ತಿರುಗುತ್ತಾರೆ. ಎಂಟು ತಿಂಗಳಲ್ಲಿ ಇದು ಒಮ್ಮೆಯೂ ನನ್ನ ತಲೆಗೆ ಬರಲಿಲ್ಲ.

ನವನಗರ:

ನನ್ನ ಅನುಭವ ಬೇರೆ ಇದೆ ಸರ್. ಈಗಲೇ ಹೇಳಬೇಡಿ. ನಾನು ಮನೆಯ ಮೇಲೆ ಸೋಲಾರ್ ಹಾಕುವ ಕೆಲಸ ಶುರು ಮಾಡಿ ಮೊದಲ ವಾರವೇ ಅಪ್ಪನಿಗೆ ಹೇಳಿದೆ. ಅವತ್ತಿನಿಂದ ದಿನಾ ಊಟಕ್ಕೆ ಕೂತಾಗ "ಇವತ್ತ ಎಷ್ಟ ಬಂತು?" ಅಂತ ಒಂದೇ ಪ್ರಶ್ನೆ. ಬಂದ ದಿನ ಸರಿ. ಬಾರದ ದಿನ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಎರಡು ವರ್ಷ ಹಾಗೇ ಹೋಯಿತು. ಒಂದು ಹಂತಕ್ಕೆ ಬಂದ ಮೇಲೆ ಹೇಳಿದ್ದರೆ ನಮ್ಮಿಬ್ಬರಿಗೂ ಅಷ್ಟು ತ್ರಾಸು ಆಗುತ್ತಿರಲಿಲ್ಲ. ವಿಮೆ ಮಾತ್ರ ನೀವೇ ಮಾಡಿಸಿಬಿಡಿ, ಅದಕ್ಕೆ ಅವರಿಗೆ ಹೇಳಲೇಬೇಕು ಅಂತ ಇಲ್ಲವಲ್ಲ.

ಸಾಧನಕೇರಿ ಅಕ್ಕ:

68 ವರ್ಷದವರಿಗೆ ಪಾಲಿಸಿ ಮಾಡುವಾಗ ಸಾಮಾನ್ಯವಾಗಿ ರಕ್ತ ತಪಾಸಣೆ, ಇಸಿಜಿ ಎಲ್ಲ ಕೇಳುತ್ತಾರೆ. ಹೇಳದೆ ಹೇಗೆ ಕರೆದುಕೊಂಡು ಹೋಗುವುದು?

ಬೆಟಗೇರಿ:

ನಾನು ಶುರು ಮಾಡಿ, ಮುಚ್ಚಿ, ವಾಪಸ್ ಕೆಲಸಕ್ಕೆ ಹೋದವನು. ನನ್ನ ಮಾತೂ ಕೇಳಿ.

ಪುಣೆಯಲ್ಲಿ ಒಂದು ಫ್ಯಾಕ್ಟರಿಯ ಖರೀದಿ ವಿಭಾಗದಲ್ಲಿ ಇದ್ದೆ. 2019ರಲ್ಲಿ ಗದಗಿಗೆ ಬಂದು ರಟ್ಟಿನ ಡಬ್ಬಿ ಮಾಡುವ ಸಣ್ಣ ಘಟಕ ಹಾಕಿದೆ. ಕೊರೊನಾ ಹೇಗೋ ದಾಟಿದೆ. ಆಮೇಲೆ ಒಬ್ಬ ದೊಡ್ಡ ಗಿರಾಕಿ 11 ಲಕ್ಷ ಬಾಕಿ ಇಟ್ಟು ಏಳು ತಿಂಗಳು ಆಡಿಸಿದ. ಸಣ್ಣ ಘಟಕದಿಂದ ಮಾಲು ಕೊಂಡವರು ಹೆಚ್ಚೆಂದರೆ 45 ದಿನದಲ್ಲಿ ದುಡ್ಡು ಕೊಡಬೇಕು ಅಂತ ಕಾನೂನೇ ಇದೆ. ಆದರೆ ನಾನು ಸಣ್ಣ ಉದ್ದಿಮೆಗಳಿಗೆ ಇರುವ ಸರ್ಕಾರದ ಉದ್ಯಮ್ ನೋಂದಣಿಯನ್ನೇ ಮಾಡಿಸಿರಲಿಲ್ಲ, ಹಾಗಾಗಿ ಆ ಕಾನೂನು ನನ್ನ ಕೈಗೆ ಬರಲಿಲ್ಲ. ಪುಕ್ಕಟೆ ಆಗುವ ಕೆಲಸ. ಆಧಾರ್, ಪ್ಯಾನ್ ಇದ್ದರೆ ಆನ್‌ಲೈನ್‌ನಲ್ಲೇ ಮುಗಿಯುತ್ತದೆ. ನೀವು ಮಾಡಿಸಿರದಿದ್ದರೆ ಇವತ್ತೇ ಮಾಡಿಸಿ, ಬಿಲ್ ಮೇಲೆ ಆ ನಂಬರ್ ಹಾಕಿ.

ಮನೆಯ ವಿಷಯಕ್ಕೆ ಬರುತ್ತೇನೆ. ನಾನು ಹೆಂಡತಿಗೆ ಎಲ್ಲ ಹೇಳಿದ್ದೆ, ಸಾಲ ಒಂದನ್ನು ಬಿಟ್ಟು. ಮೂವರು ಸ್ನೇಹಿತರಿಂದ ಕೈಗಡ ತಂದು ಕಾಗದದವರಿಗೆ, ಕೆಲಸದವರಿಗೆ ಕೊಡುತ್ತಿದ್ದೆ. ಅವಳು ಮದುವೆಯೊಂದಕ್ಕೆ ಹೋದಾಗ ಅದರಲ್ಲಿ ಒಬ್ಬರ ಹೆಂಡತಿ ಮುಖ ತಿರುಗಿಸಿಕೊಂಡು ಹೋದರಂತೆ. ಯಾಕೆ ಅಂತ ಅವಳಿಗೆ ಗೊತ್ತಿಲ್ಲ. ರಾತ್ರಿ ಮನೆಗೆ ಬಂದು ನನ್ನನ್ನೇ ಕೇಳಿದಳು, "ನಾನೇನಾದರೂ ತಪ್ಪು ಮಾತಾಡಿದ್ನಾ?" ಅಂತ. ಘಟಕ ಮುಚ್ಚಿದ ದಿನಕ್ಕಿಂತ ಆ ರಾತ್ರಿ ನನಗೆ ಕೆಟ್ಟದ್ದು.

2022ರಲ್ಲಿ ಮುಚ್ಚಿದೆ. ಈಗ ಹುಬ್ಬಳ್ಳಿಯಲ್ಲೇ ಕೆಲಸದಲ್ಲಿದ್ದೇನೆ, ಸಾಲ ತೀರಿದೆ. ವಾಪಸ್ ಹೋಗಿದ್ದಕ್ಕೆ ನನಗೆ ನಾಚಿಕೆ ಇಲ್ಲ. ಮುಚ್ಚಿಟ್ಟಿದ್ದಕ್ಕೆ ಇದೆ. ನವನಗರದವರ ಮಾತು ನನಗೆ ಅರ್ಥ ಆಗುತ್ತದೆ, ದಿನಾ ಕೇಳುವವರ ಮುಂದೆ ಊಟ ಮಾಡುವುದು ಕಷ್ಟವೇ. ಆದರೂ ಕೇಳುವವರು ಇದ್ದರಲ್ಲ ಸರ್.

ಹಾವೇರಿ ಮಾಸ್ತರ:

ನಾನು ಆ ಕಡೆಯವನು, ಅಂದರೆ ಅಪ್ಪನ ಕಡೆಯವನು. ನಿವೃತ್ತ ಶಿಕ್ಷಕ. ನನ್ನ ಮಗನೂ ಬ್ಯಾಂಕ್ ಕೆಲಸ ಬಿಟ್ಟು ಹೈನುಗಾರಿಕೆ ಮಾಡುತ್ತಿದ್ದಾನೆ. ನನಗೆ ಹೇಳಿದ್ದು ಐದು ತಿಂಗಳ ಮೇಲೆ.

ಆ ಐದು ತಿಂಗಳಲ್ಲಿ ನಾನು ಊರ ತುಂಬ ಹೇಳಿಕೊಂಡು ತಿರುಗಿದ್ದೆ. ಮಗನಿಗೆ ಪ್ರಮೋಷನ್ ಬರುತ್ತದೆ, ಮಂಗಳೂರಿಗೆ ಹಾಕಬಹುದು ಅಂತೆಲ್ಲ. ಬೆಳಿಗ್ಗೆ ನನ್ನ ಜೊತೆ ವಾಕಿಂಗ್ ಬರುವ ನಾಲ್ಕು ಜನರಲ್ಲಿ ಇಬ್ಬರಿಗೆ ನಿಜ ಗೊತ್ತಿತ್ತು. ಅವರು ಸುಮ್ಮನೆ ಕೇಳಿಸಿಕೊಂಡು ಬರುತ್ತಿದ್ದರು. ಅದು ಗೊತ್ತಾದ ಮೇಲೆ ನಾನು ಆ ದಾರಿಯಲ್ಲಿ ವಾಕಿಂಗ್ ಹೋಗುವುದು ಬಿಟ್ಟೆ. ಎಮ್ಮೆ ಕಟ್ಟಿದ್ದಕ್ಕೆ ನನಗೆ ಸಿಟ್ಟು ಬರಲಿಲ್ಲಪ್ಪ. ನಾನೂ ಒಕ್ಕಲುತನದ ಮನೆಯವನೇ.

ಚಹಾದ ಅಂಗಡಿ ಮಾತು ನೀವೇ ಬರೆದಿದ್ದೀರಿ. ಅವರು ಒಂದೊಂದು ಸಂಜೆ "ನನ್ನ ಮಗ ಎಸಿಯಾಗ" ಅಂದಾಗಲೂ ಅವರಿಗೆ ಗೊತ್ತಿಲ್ಲದೆ ಅವರ ಮಾತು ಸುಳ್ಳಾಗುತ್ತಿದೆ. ಅಷ್ಟು ಜನರ ನಡುವೆ ಮಾತಿಗೆ ತಪ್ಪದೆ 31 ವರ್ಷ ಲೆಕ್ಕ ಬರೆದವರು ಅವರು. ಅದನ್ನು ಯೋಚನೆ ಮಾಡಿ.

ಮನೆಯಲ್ಲಿ ಕೂರಿಸಿ ಹೇಳಬೇಡಿ. ಅಕ್ಕಪಕ್ಕದವರು ಬಂದು ಹೋಗುತ್ತಿರುತ್ತಾರೆ. ಶೆಡ್‌ಗೆ ಕರೆದುಕೊಂಡು ಹೋಗಿ, ಅಲ್ಲಿ ಹೇಳಿ. ನಿಮ್ಮ ತಾಯಿಗೂ ಅದೇ ದಿನ ಹೇಳಿ, ಹಿಂದೆ ಮುಂದೆ ಮಾಡಬೇಡಿ. ಸಿಟ್ಟು ಮಾಡಿದರೆ ಮಾಡಲಿ. ಎದುರು ಮಾತಾಡಬೇಡಿ.

ಮೋಟೆಬೆನ್ನೂರು ಕ್ರಾಸ್:

ಹನ್ನೊಂದು ದಿನ ಆಯಿತು. ಎಲ್ಲರಿಗೂ ಉತ್ತರ ಕೊಡಬೇಕು ಅನ್ನಿಸಿತು.

ಹೋದ ಭಾನುವಾರದ ಹಿಂದಿನ ಭಾನುವಾರ ಅಪ್ಪ ಅವ್ವ ಇಬ್ಬರನ್ನೂ ಹುಬ್ಬಳ್ಳಿಗೆ ಕರೆಸಿದೆ. ಸ್ಟೇಷನ್‌ನಿಂದ ಸೀದಾ ತಾರಿಹಾಳಕ್ಕೆ ಕರೆದುಕೊಂಡು ಹೋದೆ. ದಾರಿಯಲ್ಲಿ ಹೇಳೋಣ ಅಂತ ಇತ್ತು, ಬಾಯಿ ಬರಲಿಲ್ಲ. ಶೆಡ್‌ನ ಶಟರ್ ಎತ್ತಿದೆ. ರಜೆಯಾದ್ದರಿಂದ ಯಾರೂ ಇರಲಿಲ್ಲ. ಘಾಟು ಹೊರಗೆ ಬಂತು. ಅವ್ವ ಸೆರಗು ಮೂಗಿಗೆ ಹಿಡಿದಳು. ಅಪ್ಪ ಹಿಡಿಯಲಿಲ್ಲ. ಸುಮ್ಮನೆ ನಿಂತು ನೋಡಿದರು.

ನಾನು ಎಲ್ಲ ಹೇಳಿದೆ. ಯಾವಾಗ ಬಿಟ್ಟೆ, ಯಾಕೆ ಬಿಟ್ಟೆ, ಎಷ್ಟು ದುಡ್ಡು ಹಾಕಿದೆ. ಹಾಳೆ ಕೈಗೆ ಕೊಟ್ಟೆ. ಮುಂದಿನ ವರ್ಷದ ಮಾರ್ಚ್ 31 ಅಂತ ತಾರೀಖು ಬರೆದಿದ್ದೆ. ಕಾರ್ಡ್ ನಡೆಯುವುದಿಲ್ಲ ಅಂತ ಹೇಳುವಾಗ ನನ್ನ ಧ್ವನಿ ಸಣ್ಣದಾಯಿತು. ಅಪ್ಪ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಅದೇ ಜೇಬಿನಿಂದ ಕಾರ್ಡ್ ತೆಗೆದು ಗಿರಣಿ ಪಕ್ಕದ ಸ್ಟೂಲ್ ಮೇಲೆ ಇಟ್ಟರು.

ಆಮೇಲೆ ಹೋಗಿ ಒಂದು ಚೀಲದ ಬಾಯಿ ಬಿಚ್ಚಿದರು. ಒಂದು ಹಿಡಿ ಕಾಯಿ ತೆಗೆದು ಅಂಗೈಯಲ್ಲಿ ಹಿಂಡಿ ಬಿಟ್ಟರು. ಕಾಯಿ ಮುರಿಯಲಿಲ್ಲ, ಮೆತ್ತಗೆ ಬಾಗಿತು. ಇನ್ನೊಂದನ್ನು ಸೀಳಿ ಬೀಜ ನೋಡಿದರು. ಬೆಳಕಿಗೆ ಹಿಡಿದು ಸಿಪ್ಪೆಯ ಬಣ್ಣ ನೋಡಿದರು.

"ಡಬ್ಬಿ ಅಂತ ಕೊಟ್ಟಾನ?"

ಹೌದು ಅಂದೆ. ಬ್ಯಾಡಗಿ ಕಾಯಿಯಲ್ಲಿ ಡಬ್ಬಿ, ಕಡ್ಡಿ ಅಂತ ಎರಡು ಬಗೆ. ಡಬ್ಬಿ ಗಿಡ್ಡ, ದಪ್ಪ. ಕಡ್ಡಿ ಉದ್ದ, ತೆಳ್ಳಗೆ.

"ಕಡ್ಡಿನೂ ಕೂಡೈತಿ, ಹೈಬ್ರಿಡ್ಡೂ ಕೂಡೈತಿ. ಹಸಿ ಐತಿ. ಹಿಂಗ ಇಟ್ರ ಬೂಸರು ಹಿಡಿತೈತಿ."

ಅಷ್ಟೇ. ನನ್ನ ಜೊತೆ ಆಡಿದ ಮಾತು ಅದೇ ಕೊನೆ. ಮನೆಗೆ ಬಂದು ಊಟ ಮಾಡಿದರು, ಮೊಮ್ಮಗಳ ಜೊತೆ ಆಡಿದರು, ಸಂಜೆ ರೈಲಿಗೆ ಹೋದರು. ಏನಾದರೂ ಹೇಳಬೇಕಿದ್ದರೆ ನನ್ನ ಹೆಂಡತಿಗೆ ಫೋನ್ ಮಾಡುತ್ತಾರೆ. ದೀಪಾವಳಿಗೆ ಹೋದಾಗಲೇ ನನ್ನ ಚೀಲದಲ್ಲಿ ಘಾಟು ಬಡಿದಿತ್ತಂತೆ. "ಮಾರ್ಕೆಟ್ ಹಾದು ಬಂದಿರಬೇಕು ಅಂದ್ಕೊಂಡೆ" ಅಂತ ಅವ್ವನ ಹತ್ತಿರ ಅಂದರಂತೆ. ಅವರಿಗೆ ನನ್ನ ಮೇಲೆ ಅನುಮಾನವೇ ಬಂದಿರಲಿಲ್ಲ. ಇದನ್ನು ಕೇಳಿದ ಮೇಲೆ ನನಗೆ ಎರಡು ರಾತ್ರಿ ನಿದ್ದೆ ಬರಲಿಲ್ಲ.

ಮಾಸ್ತರರೇ, ನೀವು ಹೇಳಿದ್ದು ನಿಜ ಆಯಿತು. ಅಪ್ಪ ಚಹಾದ ಅಂಗಡಿಗೆ ಹೋಗುವುದು ಬಿಟ್ಟಿದ್ದಾರೆ. ಸಂಜೆ ಕಟ್ಟೆ ಮೇಲೆ ಕೂತಿರುತ್ತಾರಂತೆ.

ವಿಮೆಗೆ ಅರ್ಜಿ ಹಾಕಿದ್ದೇನೆ, ಕೆಮ್ಮಿನ ವಿಷಯ ಬರೆದಿದ್ದೇನೆ. ಅಪ್ಪನ ತಪಾಸಣೆ ಮುಂದಿನ ಶನಿವಾರ. ಹೆಂಡತಿ ಹೇಳಿದಾಗ ಬರುತ್ತೇನೆ ಅಂದಿದ್ದಾರೆ. ಉದ್ಯಮ್ ನೋಂದಣಿ ಮೊದಲೇ ಆಗಿತ್ತು ಬೆಟಗೇರಿ ಸರ್, ಆದರೆ ಬಿಲ್ ಮೇಲೆ ನಂಬರ್ ಇರಲಿಲ್ಲ, ಈಗ ಹಾಕಿಸಿದ್ದೇನೆ. ಆ ಚೀಲಗಳನ್ನೆಲ್ಲ ಮೂರು ದಿನ ಬಿಸಿಲಿಗೆ ಹರವಿದೆವು. ತಳದಲ್ಲಿ ಎರಡು ಚೀಲಕ್ಕೆ ಆಗಲೇ ಬೂಸರು ಬಂದಿತ್ತು, ಅವನ್ನು ತೆಗೆದು ಚೆಲ್ಲಿದೆ.

ಬ್ಯಾಡಗಿಯಲ್ಲಿ ಸೋಮವಾರ, ಗುರುವಾರ ಮಾರುಕಟ್ಟೆ. ಈ ಸೋಮವಾರ ಹೋಗುತ್ತೇನೆ. ಯಾವ ಅಂಗಿ ಹಾಕಿಕೊಂಡು ಶೆಡ್‌ಗೆ ಹೋಗುತ್ತೇನೋ ಅದನ್ನೇ ಹಾಕಿಕೊಂಡು ಹೋಗುತ್ತೇನೆ. ಮೊದಲು ಅಪ್ಪ ಕೂರುತ್ತಿದ್ದ ಅಂಗಡಿಗೆ ಹೋಗಿ ನಾನು ಇಂಥವರ ಮಗ, ಮಾಲು ಬೇಕು ಅಂತ ಕೇಳುತ್ತೇನೆ. ಹೋಗುವ ವಿಷಯ ಅವ್ವನ ಕೈಲಿ ಅಪ್ಪನಿಗೆ ಹೇಳಿಸಿದ್ದೇನೆ. ಬರುತ್ತೇನೆ ಅಂತ ಅಂದಿಲ್ಲ. ಹೋಗಬೇಡ ಅಂತಲೂ ಅಂದಿಲ್ಲವಂತೆ. ಎಷ್ಟು ಗಂಟೆಯ ಬಸ್ಸು ಅಂತ ಮಾತ್ರ ಕೇಳಿದರಂತೆ.